ಬಾಗಿಲ ಬಳಿಯ ಕಲ್ಲುತೊಟ್ಟಿ

ಕರಾವಳಿಯ ನಮ್ಮೂರ ಇಗರ್ಜಿಯ ಒಳಗೆ ಕಾಲಿಟ್ಟರೆ ಮೊದಲು ಕಾಣುವುದು ಜ್ಞಾನಸ್ನಾನದ ತೊಟ್ಟಿ. ಒಂದೇ ಕಲ್ಲಿನಲ್ಲಿ ಕಡೆದದ್ದು, ಮೇಲೆ ಹಲಸಿನ ಮರದ ಮುಚ್ಚಳ. ಆರ್ಕಿಟೆಕ್ಚರ್ ಓದುವಾಗ ನಾನು ಆ ಕಟ್ಟಡವನ್ನೇ ಅಳೆದು ನಕ್ಷೆ ಮಾಡಿದ್ದೆ. ಮಧ್ಯಯುಗದ ಯುರೋಪಿನ ಹಳ್ಳಿ ಇಗರ್ಜಿಗಳಲ್ಲೂ ತೊಟ್ಟಿ ಬಾಗಿಲ ಬಳಿಯೇ ಇರುತ್ತಿತ್ತೆಂದು ಓದಿದ್ದು ಆಗಲೇ. ಸ್ನಾನವಾದ ಮೇಲೆಯೇ ಮಗು ಒಳಗಿನವರಲ್ಲಿ ಒಬ್ಬನಾಗುವುದು.

ಅಕ್ಕನ ಮಗನಿಗೂ ಜ್ಞಾನಸ್ನಾನ ಅಲ್ಲೇ ಆಗಬೇಕೆಂದು ಹುಟ್ಟುವ ಮೊದಲೇ ಮಾತಾಗಿತ್ತು. ನಾವಿರುವ ಅಬುಧಾಬಿಯಲ್ಲಿ ನಮ್ಮ ಕಡೆಯ ಹೆಚ್ಚಿನವರು ಹಾಗೆಯೇ. ಇಲ್ಲಿಯೂ ಇಗರ್ಜಿ ಇದೆ. ಆದರೂ ಮಗುವಿನ ಪಾಸ್‌ಪೋರ್ಟ್ ಮಾಡಿಸಿ, ಡಿಸೆಂಬರ್ ರಜೆಗೆ ಕಾದು, ಊರಿಗೇ ಒಯ್ಯುತ್ತಾರೆ.

ಮಗು ಏಳನೇ ತಿಂಗಳಿಗೇ ಹುಟ್ಟಿತು. ಇನ್‌ಕ್ಯುಬೇಟರಿನಲ್ಲಿಟ್ಟರು. ಎಲೆಕ್ಟ್ರಾ ಸ್ಟ್ರೀಟಿನ ಆಫೀಸಿನಿಂದ ನಾನು ಸಂಜೆ ನೇರ ಆಸ್ಪತ್ರೆಗೆ ಹೋಗುತ್ತಿದ್ದೆ.

ಒಂದು ಸಂಜೆ ಬಾವ ಅಳುಕುತ್ತ, "ಜ್ಞಾನಸ್ನಾನಕ್ಕೆ ಇಲ್ಲಿಯ ಪಾದ್ರಿಯವರನ್ನೇ ಕರೆಯುವಾ?" ಎಂದರು.

"ಎಂತ ಮಾತಾಡ್ತೀರಿ? ಅವನಿಗೆ ಏನಾಗಿದೆ ಅಂತ ಪಾದ್ರಿ?" ಅಕ್ಕ ಸಿಡುಕಿದಳು. ಪಾದ್ರಿ ಆಸ್ಪತ್ರೆಗೆ ಬಂದರೆ ಮಗು ಉಳಿಯುವುದಿಲ್ಲವೆಂದು ಒಪ್ಪಿಕೊಂಡಂತೆ ಅವಳಿಗೆ. "ಡಿಸೆಂಬರಿಗೆ ಊರಿಗೆ ಹೋಗ್ಲಿಕ್ಕುಂಟು. ಅಲ್ಲಿಯೇ."

ಆಮೇಲೆ ನನ್ನ ಕಡೆ ತಿರುಗಿ, "ನಮ್ಮ ಇಗರ್ಜಿ ಹೇಗುಂಟು ಅಂತ ಇವನಿಗೆ ಹೇಳು ಮಾರಾಯ್ತಿ. ನೀನು ಅಲ್ಲಿಗೆ ಪೂಜೆಗಿಂತ ಟೇಪು ಹಿಡ್ಕೊಂಡು ಹೋದದ್ದೇ ಜಾಸ್ತಿ" ಎಂದಳು.

ಇನ್‌ಕ್ಯುಬೇಟರಿನ ಗಾಜಿನ ಹತ್ತಿರ ಬಾಗಿ ಮಗುವಿಗೆ ಹೇಳಿದೆ. ಮುರಕಲ್ಲಿನ ದಪ್ಪ ಗೋಡೆ, ಒಳಗೆ ಹೊಕ್ಕರೆ ಮೇ ತಿಂಗಳಲ್ಲೂ ತಂಪು. ಪಾದ್ರಿಯವರು ನಿಂತು ಪ್ರಸಂಗ ಹೇಳಲು ಗೋಡೆಗೆ ಅಂಟಿದ ಮರದ ಪೀಠ, ಅದಕ್ಕೆ ಇಕ್ಕಟ್ಟಾದ ಮೆಟ್ಟಿಲು. ಬೆಂಚುಗಳು ಈಚೆಗೆ ಬಂದವು, ಅಜ್ಜಿಯ ಕಾಲದಲ್ಲಿ ನೆಲವೇ. ಬಲಿಪೀಠದ ಹಿಂದೆ ಚಿನ್ನದ ಬಣ್ಣದ ದ್ರಾಕ್ಷಿಬಳ್ಳಿ. ಕೆತ್ತಿದವನು ದ್ರಾಕ್ಷಿ ಕಂಡಿರಲಿಲ್ಲವೋ ಏನೋ, ಹಣ್ಣೆಲ್ಲ ಗೇರುಹಣ್ಣಿನ ಹಾಗೆ.

"ಗೇರುಹಣ್ಣೇ ಅಂತ ನಾನು ಮದುವೆಯವರೆಗೂ ತಿಳ್ಕೊಂಡಿದ್ದೆ," ಅಕ್ಕ ನಕ್ಕಳು. ಆಸ್ಪತ್ರೆಗೆ ಬಂದ ಮೇಲೆ ಅವಳು ನಕ್ಕದ್ದು ಅದೊಂದೇ ಸಲ.

ಮುಂದಿನ ವಾರ ಸೋಂಕು ತಗಲಿತು. ನರ್ಸ್ ನಮ್ಮನ್ನು ಒಳಗೆ ಕರೆದಾಗ ಬಾವ ಕೆಲಸದಿಂದ ಹೊರಟು ದಾರಿಯಲ್ಲಿದ್ದರು. ಪಾದ್ರಿಯವರಿಗೂ ಫೋನ್ ಹೋಗಿತ್ತು, ಬಂದು ಮುಟ್ಟುವಷ್ಟು ಹೊತ್ತು ಮಗುವಿಗೆ ಇರಲಿಲ್ಲ. ಅಂಥ ಹೊತ್ತಿನಲ್ಲಿ ಯಾರು ಬೇಕಾದರೂ ಜ್ಞಾನಸ್ನಾನ ಕೊಡಬಹುದು. ಅಕ್ಕ ನನ್ನನ್ನು ಮುಂದಕ್ಕೆ ಬಿಟ್ಟಳು.

"ನೀನೇ ಮಾಡು," ಎಂದಳು.

ನರ್ಸ್ ಸೂಜಿಯಿಲ್ಲದ ಸಿರಿಂಜಿನಲ್ಲಿ ನೀರು ತುಂಬಿ ಕೊಟ್ಟಳು. ಅಕ್ಕ ಪಿಸುಗುಟ್ಟಿದ ಹೆಸರಿನಿಂದ ಅವನನ್ನು ಕರೆದು, ಹಣೆಯ ಮೇಲೆ ನೀರು ಹನಿಸುತ್ತ ಹೇಳಬೇಕಾದ ಮಾತು ಹೇಳಿದೆ.

"ಇಷ್ಟು ನೀರು ಸಾಕಾ?"

"ಸಾಕಕ್ಕ."

ಬಾವ ಬಂದಾಗ ಮಗು ಹೋಗಿತ್ತು. ಬಟ್ಟೆ ಸುತ್ತಿದ ಅವನನ್ನು ಅಕ್ಕನ ತೋಳಿಗೆ ಕೊಟ್ಟಿದ್ದರು.

"ನೀವು ಆವತ್ತೇ ಹೇಳಿದ್ರಿ," ಎಂದಳು ಅಕ್ಕ. "ನಾನೇ ಊರು ಊರು ಅಂತ ಕೂತೆ."

ಬಾವ ಮಗುವಿನ ಹಣೆಯ ತೇವ ಒರೆಸಲು ಕೈ ಚಾಚಿದವರು, ಒರೆಸದೆ ಹಾಗೆಯೇ ಬಿಟ್ಟರು.