ದೊಡ್ಡಮನೆಯ ಪುಸ್ತಕದಲ್ಲಿ ಎರಡು ಖಾಲಿ ಚೌಕ

ಪಾಲಣ್ಣ ಸತ್ತ. ಎರಡು ಸಾವಿರದ ಆರನೆಯ ಇಸವಿ ಫೆಬ್ರವರಿಯ ಒಂದು ಮಂಗಳವಾರ ಬೆಳಿಗ್ಗೆ, ಕೊಟ್ಟೂರು ಬಸ್‌ಸ್ಟ್ಯಾಂಡಿನ ಎದುರಿಗೆ, ತನ್ನ ಡಿಟಿಪಿ ಅಂಗಡಿಯ ಷಟರ್ ಎತ್ತುವ ಮೊದಲೇ ಎದೆ ಹಿಡಿದುಕೊಂಡು ಕೂತವನು ಏಳಲಿಲ್ಲ. ಐವತ್ತೆರಡು ವರ್ಷ.

ಮಣ್ಣಿಗೆ ದೊಡ್ಡಮನೆಯ ಗಂಗಾಧರ್ ಬಂದಿದ್ದರು. ಶೇಂಗಾ ವ್ಯಾಪಾರ, ಎಣ್ಣೆಮಿಲ್ಲು, ಊರಲ್ಲಿ ಅವರಿಲ್ಲದ ಕಮಿಟಿಯಿಲ್ಲ. ಹಾರ ಹಾಕಿ, "ನಮ್ಮ ಮನಿ ಮನಶ್ಯಾ ಇದ್ದಂಗ ಇದ್ದ," ಎಂದರು. ನೆರೆದವರಲ್ಲಿ ನಾಲ್ಕು ಜನ ಕೆಮ್ಮಿದರು. ಪಾಲಣ್ಣನ ಮೂಗು, ಗಂಗಾಧರ್ ಮೂಗು ಒಂದೇ ಎರಕದವು ಎಂಬುದು ಕೊಟ್ಟೂರಿಗೆಲ್ಲ ಗೊತ್ತು.

ಗೊತ್ತಿದ್ದದ್ದು ಇಷ್ಟು. ಗಂಗಾಧರ್ ಅವರ ತಾತ ಅಜ್ಜಯ್ಯ, ಕೂಡ್ಲಿಗಿ ಕಡೆಯ ಕುರಿಹಟ್ಟಿಯ ಮೈಲಮ್ಮ ಎಂಬಾಕೆಯನ್ನು ತಂದು ಊರ ಹೊರಗೆ ಇಟ್ಟಿದ್ದರು. ಆಕೆಗೆ ಹುಟ್ಟಿದವಳು ಸುಂಕಮ್ಮ. ಸುಂಕಮ್ಮನ ಮಗ ಪಾಲಣ್ಣ. ಲೆಕ್ಕಕ್ಕೆ ಗಂಗಾಧರ್ ಅವರಿಗೆ ಸೋದರತ್ತೆಯ ಮಗ; ಕೂಗುವಾಗ ಮಾತ್ರ 'ಡಿಟಿಪಿಯವ'.

ಸುಗ್ಗಿ ಮುಗಿದ ಮೇಲೆ ವರ್ಷಕ್ಕೊಮ್ಮೆ ಹೆಳವರ ಗಾದೆಪ್ಪ ಎತ್ತಿನ ಮೇಲೆ ಕೂತು ಗಂಟೆ ಬಾರಿಸುತ್ತ ಬರುತ್ತಿದ್ದ. ದೊಡ್ಡಮನೆಯ ಬಾಗಿಲಲ್ಲಿ ನಿಂತು ಹೊತ್ತಿಗೆ ಬಿಚ್ಚಿ ಏಳು ತಲೆಮಾರು ಓದಿ, ಜೋಳ, ಧೋತರ ತಗೊಂಡು ಹೋಗುವುದು ಅವನ ಕುಲದ ಕಸುಬು. ಸುಂಕಮ್ಮನ ಮನೆಯ ಮುಂದೆ ಅವನ ಎತ್ತು ನಿಂತದ್ದಿಲ್ಲ. ಕೂಲಿಗೆ ಬಂದ ಆಕೆಯ ಗಂಡ ಬೇಗ ಸತ್ತ. ಅವನ ಕಡೆಯ ಹೆಳವ ಈ ಸೀಮೆಗೆ ಬರುವವನಲ್ಲ. ಆದರೂ ಆ ಗಂಟೆ ಕೇಳಿದೊಡನೆ ಆಕೆ ಒಂದು ಮೊರ ಜೋಳ ತುಂಬಿ ಬಾಗಿಲ ಹಿಂದೆ ಇಡುತ್ತಿದ್ದಳು. ಎತ್ತು ದಾಟಿ ಹೋದ ಮೇಲೆ ತಿರುಗಿ ಚೀಲಕ್ಕೆ ಸುರಿಯುತ್ತಿದ್ದಳು. ಐವತ್ತು ವರ್ಷ ಪಾಲಣ್ಣ ನೋಡಿದ್ದು ಇದನ್ನು.

ಎರಡು ಸಾವಿರದ ನಾಲ್ಕರಲ್ಲಿ ಗಂಗಾಧರ್ ಅವರಿಗೆ ವಂಶದ ಪುಸ್ತಕ ಅಚ್ಚು ಹಾಕಿಸುವ ಹುಚ್ಚು ಹಿಡಿಯಿತು. ದಾವಣಗೆರೆಯ ಬೀಗರು ಮಾಡಿಸಿದ್ದರಂತೆ. ಬೀಗರು ಬಾವಿಗೆ ಬಿದ್ದಿದ್ದರೆ ಊರಿಗೆ ಒಳ್ಳೆಯದಿತ್ತು. "ಕಂಪ್ಯೂಟರಿನ್ಯಾಗ ಮಾಡಪಾ, ಹೆಳವನ ಗೊಡವಿ ಯಾಕ?" ಎಂದು ಪಾಲಣ್ಣನ ಮೇಲೆ ಹೊರಿಸಿದರು. ಪಾಲಣ್ಣ ಒಪ್ಪಿದ. ಹೆಳವ ಓದದ ಹೆಸರನ್ನು ಕಂಪ್ಯೂಟರಾದರೂ ಬರೆದೀತು ಎಂಬ ಒಂದೇ ಆಸೆಗೆ ಒಪ್ಪಿದ.

ವಂಶವೃಕ್ಷದ ಸಾಫ್ಟ್‌ವೇರುಗಳೆಂದರೆ ಬುದ್ಧಿವಂತರು ಕೂತು ಮಾಡಿದ ದಡ್ಡತನ. ಪತ್ರಿಕೆಯೊಂದರ ಜೊತೆ ಪುಕ್ಕಟೆ ಬಂದ ಸಿಡಿಯಲ್ಲಿದ್ದದ್ದು ಮನೆತನದ ಹೆಸರಿಲ್ಲದೆ ಮುಂದಕ್ಕೇ ಹೋಗದು. ಹೊಸಪೇಟೆಯಿಂದ ತಂದದ್ದು ಅಕ್ಕನ ಮಗಳನ್ನು ಮದುವೆಯಾದವನನ್ನು ಕಂಡೊಡನೆ ಕೆಂಪು ಅಕ್ಷರದಲ್ಲಿ ಬೊಬ್ಬೆ ಹಾಕುತ್ತಿತ್ತು. ಅದರ ಪ್ರಕಾರ ದೊಡ್ಡಮನೆಯಲ್ಲಿ ನೆಟ್ಟಗೆ ಮದುವೆಯಾದವರೇ ಇಲ್ಲ. ಮೂರನೆಯದನ್ನು ಹಗರಿಬೊಮ್ಮನಹಳ್ಳಿಯ ಬ್ರೌಸಿಂಗ್ ಸೆಂಟರಿನಲ್ಲಿ ಇಳಿಸಿ ಹನ್ನೊಂದು ಫ್ಲಾಪಿಗಳಲ್ಲಿ ತುಂಬಿಕೊಂಡು ಬಂದ. ಒಂಬತ್ತನೆಯದು ಕೆಟ್ಟಿತ್ತು, ಮತ್ತೆ ಬಸ್ಸು ಹತ್ತಿದ. ಅದು ಅಕ್ಕನ ಮಗಳಿಗೂ ತಕರಾರು ತೆಗೆಯಲಿಲ್ಲ, ಕನ್ನಡದ ಫಾಂಟಿಗೂ ತೆಗೆಯಲಿಲ್ಲ. ಪಾಲಣ್ಣ ಅದನ್ನೇ ಆರಿಸಿದ್ದು ಬೇರೆ ಕಾರಣಕ್ಕೆ. ಮಗುವಿನ ತಾಯಿ ಯಾರು, ತಂದೆ ಯಾರು ಎಂದು ಅದು ಕೇಳುತ್ತಿತ್ತು. ತಾಳಿಯ ಮಾತೆತ್ತುತ್ತಿರಲಿಲ್ಲ. ಅಷ್ಟು ಮರ್ಯಾದೆ ಊರಿನ ಹಿರಿಯರಲ್ಲಿ ಇರಲಿಲ್ಲ.

ಮುನ್ನೂರ ಹನ್ನೆರಡು ಹೆಸರು ತುಂಬಿದ. ನಡುವೆ ಮೈಲಮ್ಮ. ಅವಳ ಕೆಳಗೆ ಸುಂಕಮ್ಮ. ಅಷ್ಟು ಜನರ ಗದ್ದಲದಲ್ಲಿ ಯಾರೂ ನೋಡಲಾರರು ಎಂದುಕೊಂಡಿದ್ದ.

ಹಿರಿಯರು ಸತ್ತರೆ ಮುಂದೆ ಹುಟ್ಟಿದ ಗಂಡುಮಗುವಿಗೆ ಅವರ ಹೆಸರಿಡುವುದು ದೊಡ್ಡಮನೆಯ ಪದ್ಧತಿ. ಹೀಗಾಗಿ ಅಜ್ಜಯ್ಯಗಳು ನಾಲ್ವರು. ಗಂಗಾಧರ್ ಪಕ್ಕದಲ್ಲಿ ಕೂತು ನೋಡುತ್ತಿದ್ದ ದಿನವೇ ಕಂಪ್ಯೂಟರು ತಡೆದು ಕೇಳಿತು.

"ನಾಕು ಮಂದಿ ಅಜ್ಜಯ್ಯ ಅದಾರ, ಎಲ್ಲಾ ಒಬ್ಬರೇನು ಅಂತ ಕೇಳಾಕತ್ತೈತ್ರಿ. ಅಲ್ಲ ಅಂತೀನಿ," ಎಂದ ಪಾಲಣ್ಣ.

"ಅಲ್ಲ ಯಾಕಂತಿ? ಎಲ್ಲಾರೂ ನಮ್ಮವರ. ಹೂಂ ಅನ್ನು!" ಎಂದು ಗಂಗಾಧರ್ ಸುಣ್ಣದ ಬೆರಳಿಂದ ತಾವೇ ಕೀಲಿ ಒತ್ತಿದರು.

ನಾಲ್ವರು ಅಜ್ಜಯ್ಯಗಳು ಒಬ್ಬರಾದರು. ಆ ಒಬ್ಬ ಮಹಾಪುರುಷನಿಗೆ ಐವರು ಹೆಂಡಿರು, ಇಪ್ಪತ್ತಮೂರು ಮಕ್ಕಳು. ತನ್ನ ಮೊಮ್ಮಗನೂ ತಾನೇ. ಗಂಗಾಧರ್ ಹಿಗ್ಗಿ ಹೆಂಡಿರ ಹೆಸರುಗಳ ಮೇಲೆ ಬೆರಳಿಟ್ಟು ಓದುತ್ತ ಹೋದರು. ಐದನೆಯದಕ್ಕೆ ಬೆರಳು ನಿಂತಿತು.

"ಮೈಲಮ್ಮ? ಇದು ನಮ್ಮ ಮನ್ಯಾಗಿನ ಹೆಸರಲ್ಲ."

"ಮನ್ಯಾಗ ಇಟ್ಟಿರಲಿಲ್ರಿ. ಊರ ಹೊರಗ ಇಟ್ಟಿದ್ರು."

"ಪಾಲಣ್ಣ, ಹಳೇದು ಕೆದಕಬ್ಯಾಡ. ತೆಗಿ."

ಪಾಲಣ್ಣ ಮನೆಗೆ ಬಂದು ಅವ್ವನಿಗೆ ಹೇಳಿದ. ಸುಂಕಮ್ಮ ಎಲೆಯಡಿಕೆ ಕುಟ್ಟುತ್ತಿದ್ದಳು. "ನಾ ಹುಟ್ಟೇ ಇಲ್ಲ ಅಂತಾರೇನು? ಹಂಗಾರ ಈ ಮೊಣಕಾಲ ನೋವು ಯಾರ್ದೋ?" ಎಂದಳು. ಕುಟ್ಟುವುದನ್ನು ನಿಲ್ಲಿಸಲಿಲ್ಲ.

ಅಜ್ಜಯ್ಯಗಳನ್ನು ಮತ್ತೆ ಬಿಡಿಸಿ ಅವರವರ ಹೆಂಡಿರ ಪಕ್ಕ ಕೂಡಿಸಲು ಹನ್ನೊಂದು ದಿನ ಹಿಡಿಯಿತು. ಹೆಸರು ತೆಗೆಯುವ ಧೈರ್ಯ ಪಾಲಣ್ಣನಿಗೆ ಬರಲಿಲ್ಲ, ಬಿಡುವ ಧೈರ್ಯವೂ ಇರಲಿಲ್ಲ. ಗೆಳೆಯರು ಹೇಡಿ ಎಂದು ಮುಖದ ಮೇಲೇ ಅಂದರು; ಈಗ ನಾಲಿಗೆ ಕಚ್ಚಿಕೊಳ್ಳುತ್ತಿದ್ದಾರೆ. ಆ ಸಾಫ್ಟ್‌ವೇರಿನಲ್ಲಿ ಬೇಕಾದವರ ಹೆಸರನ್ನು ಮರೆಮಾಡುವ ಅನುಕೂಲವೊಂದಿತ್ತು. ಹೆಸರು ಕಾಣದು, ಚೌಕ ಹಾಗೇ ಇರುತ್ತದೆ. ಪಾಲಣ್ಣ ಎರಡು ಹೆಸರು ಮರೆಮಾಡಿದ.

"ಇವೇನಪಾ ಖಾಲಿ ಡಬ್ಬಿ?" ಎಂದರು ಗಂಗಾಧರ್, ಕರಡು ನೋಡುತ್ತ.

"ಡಿಜೈನ್ ರೀ. ದೊಡ್ಡ ಮನೆತನದ ಪುಸ್ತಕಕ್ಕ ಹಾಕ್ತಾರ."

"ಹಂಗಾರ ಇನ್ನೆರಡು ಹಾಕು!"

"ಹಾಕಬೌದ್ರಿ. ಅದಕ್ಕ ಅಂಥ ಮಂದಿ ಬೇಕಲ್ರಿ."

ಗಂಗಾಧರ್ ಅವರಿಗೆ ತಿಳಿಯಲಿಲ್ಲ. ಬಂಗಾರದ ಬಣ್ಣದ ರಟ್ಟು ಹಾಕಿ ಮುನ್ನೂರು ಪ್ರತಿ ಹಂಚಿದರು. ಉಜ್ಜಿನಿಯಿಂದ ಹೊಳಲಿನವರೆಗೆ ನೆಂಟರ ಮನೆಗಳ ಟೀವಿಯ ಮೇಲೆ ಆ ಎರಡು ಖಾಲಿ ಚೌಕಗಳು ಕೂತಿವೆ. ಒಬ್ಬರೂ ಕೇಳಿಲ್ಲ. ಓದಿದ್ದರಲ್ಲವೆ ಕೇಳುವುದು?

ಪಾಲಣ್ಣ ಸಾಯುವ ಹಿಂದಿನ ದಿನ ಸಂಜೆ ಓಣಿಯಲ್ಲಿ ಹೆಳವನ ಗಂಟೆ ಕೇಳಿತು. ಸುಂಕಮ್ಮ ಮೊರ ತುಂಬಿ ಬಾಗಿಲ ಹಿಂದೆ ಇಟ್ಟಳು. ಪಾಲಣ್ಣ ಪುಸ್ತಕ ಹಿಡಿದು ಹೊರಗೆ ಹೋಗಿ ಎತ್ತಿನ ಹಗ್ಗ ಹಿಡಿದ.

"ಗಾದೆಪ್ಪ, ಇಳಿ. ಓದಿ ಹೋಗು."

"ಏ ತಮ್ಮಾ, ನಿಮ್ಮದು ನನ್ನ ಹೊತ್ತಿಗ್ಯಾಗ ಇಲ್ಲೋ."

"ದೊಡ್ಡಮನಿ ಪುಸ್ತಕದಾಗ ಐತಿ. ನೋಡು."

ಗಾದೆಪ್ಪ ಕಣ್ಣಿಗೆ ಹತ್ತಿರ ಹಿಡಿದು ನೋಡಿದ. "ಈ ಎರಡು ಹೆಸರು ಪೆನ್ನಿನ್ಯಾಗ ಬರ್ದೀಯಲ್ಲೋ!"

"ನಿನ್ನ ಹೊತ್ತಿಗಿ ಏನು ಅಚ್ಚಿನ್ಯಾಗ ಐತೇನು?"

ಗಾದೆಪ್ಪನಿಗೆ ನಗು ಬಂತು. ಎತ್ತಿನಿಂದ ಇಳಿದ. ಗಂಟೆ ಬಾರಿಸಿ, ಓಣಿಗೆ ಕೇಳುವ ಹಾಗೆ ದನಿ ಎತ್ತಿ ಓದಿದ: ಅಜ್ಜಯ್ಯನ ಮೈಲಮ್ಮ, ಮೈಲಮ್ಮನ ಮಗಳು ಸುಂಕಮ್ಮ, ಸುಂಕಮ್ಮನ ಮಗ ಪಾಲಣ್ಣ.

ಸುಂಕಮ್ಮ ಸೆರಗು ತಲೆಯ ಮೇಲೆ ಎಳೆದುಕೊಂಡು ಮೊರ ತಂದಳು. ಪಾಲಣ್ಣ ಹೆಳವನ ಚೀಲದ ಬಾಯಿ ಅಗಲಿಸಿ ಹಿಡಿದ. ಜೋಳ ಪೂರ್ತಿ ಬೀಳುವ ತನಕ ಹಿಡಿದಿದ್ದು, ಬಿಗಿಯಾಗಿ ಕಟ್ಟಿ, ಎತ್ತಿನ ಬೆನ್ನ ಮೇಲೆ ಹೇರಿದ.