ಎಡಗಡೆಯ ಗೀಟುಗಳು

ಆ ಶನಿವಾರ ಕ್ಲೆಮ್ ಎಂದಿನಂತೆ ಪಿಕಪ್ ಗಾಡಿಯ ಮೂತಿಯನ್ನು ಮೈದಾನದ ಬೇಲಿಗೆ ತಾಗಿಸಿ ನಿಲ್ಲಿಸಿದ. ಮುದಿ ನೀಲಗಿರಿ ಮರದ ಪಕ್ಕದ ಜಾಗ ಅವನದು. ಮೂವತ್ತು ವರ್ಷದಿಂದ ವಾರ್ಕೂನ್ ಊರಿನಲ್ಲಿ ಬೇರೆ ಯಾರೂ ಅಲ್ಲಿ ಗಾಡಿ ನಿಲ್ಲಿಸಿರಲಿಲ್ಲ. ಅವನ ಹೆಂಡತಿ ಬೆರಿಲ್ ಎಡಗಡೆಯ ಸೀಟಿನಲ್ಲಿ ಕಾಲಿಗೆ ಕಂಬಳಿ ಹೊದ್ದು ಕೂತಳು. ಕಂಬಳಿಯ ಮೇಲೆ ನೋಟ್‌ಬುಕ್, ಫ್ಲಾಸ್ಕಿನಲ್ಲಿ ಟೀ, ಕಾಗದದ ಚೀಲದಲ್ಲಿ ಎರಡು ಮಾಂಸದ ಪೈ.

ಕ್ಲೆಮ್ ಹೇಳುವುದು, ಬೆರಿಲ್ ಗೀಟು ಹಾಕುವುದು. ಹದಿಮೂರಕ್ಕೆ ಶಾಲೆ ಬಿಟ್ಟು, ಕುರಿಯ ಉಣ್ಣೆ ಕತ್ತರಿಸುವವರ ಗುಂಪಿಗೆ ಅಡುಗೆ ಮಾಡಲು ಹೋದವಳು ಅವಳು. ಅಕ್ಷರ ಕೂಡಿಸಿ ಓದಲು ಈಗಲೂ ಹೊತ್ತು ಹಿಡಿಯುತ್ತಿತ್ತು. ಗೀಟಿಗೆ ಅಕ್ಷರ ಬೇಕಿರಲಿಲ್ಲ. ಹಾಳೆಯ ನಡುವೆ ಮೇಲಿಂದ ಕೆಳಗೆ ಒಂದು ಗೆರೆ. ಹುಡುಗನ ಕೈಗೆ ಚೆಂಡು ಬಂದಾಗ ಅವನು ಎಡಕ್ಕೆ ತಿರುಗಿದರೆ ಎಡಗಡೆ ಗೀಟು, ಬಲಕ್ಕೆ ತಿರುಗಿದರೆ ಬಲಗಡೆ. ಬಿದ್ದರೆ ಒಂದು ಸೊನ್ನೆ.

ಹುಡುಗ ಎಂದರೆ ಕೋಬಿ ರಾಶ್. ಬೇಕರಿಯ ಲಿಯಾನಳ ಮಗ. ಹದಿನೆಂಟು ತುಂಬಿತ್ತು. ಚೆಂಡನ್ನು ಕೈಯಲ್ಲಿ ಹಿಡಿದು ಓಡಿ ಕಾಲಲ್ಲಿ ಒದೆಯುವ ಆಸ್ಟ್ರೇಲಿಯಾದ ಫುಟ್ಬಾಲಿನಲ್ಲಿ, ನಡುಮೈದಾನದಲ್ಲಿ, ಹತ್ತಾರು ಜನ ಒಬ್ಬರ ಮೇಲೊಬ್ಬರು ಬೀಳುವ ಜಾಗದಲ್ಲಿ ಆಡುವವನು. ನವೆಂಬರ್‌ನಲ್ಲಿ ಮೆಲ್ಬರ್ನ್‌ನ ದೊಡ್ಡ ಕ್ಲಬ್ಬುಗಳು ದೇಶದ ಹುಡುಗರನ್ನೆಲ್ಲ ಸಾಲಾಗಿ ಆರಿಸಿಕೊಳ್ಳುವಾಗ ಅವನ ಹೆಸರು ಬರುತ್ತದೆ ಎಂದು ಊರಿಗೆ ಊರೇ ಕಾದಿತ್ತು. ವಾರ್ಕೂನಿನಿಂದ ನಲವತ್ತು ವರ್ಷದಲ್ಲಿ ಯಾರೂ ಹೋಗಿರಲಿಲ್ಲ.

ಕ್ಲೆಮ್‌ಗೆ ಹೊಟ್ಟೆಪಾಡು ಸೈಲೋದಲ್ಲಿ, ಊರಿನ ಗೋಧಿ ತುಂಬಿಡುವ ದೊಡ್ಡ ಕಣಜದಲ್ಲಿ. ಲಾರಿಯ ಗೋಧಿಯೊಳಗೆ ಉದ್ದ ಕೊಳವೆ ಚುಚ್ಚಿ, ಕಾಳು ತೆಗೆದು, ದರ್ಜೆ ಹೇಳುವ ಕೆಲಸ. ಮೇಲಿನ ಕಾಳು ಎಲ್ಲರದೂ ಚೆನ್ನಾಗಿರುತ್ತದೆ, ತಳದ್ದು ತೆಗೆದು ನೋಡಬೇಕು ಎನ್ನುತ್ತಿದ್ದ. ಹುಡುಗರನ್ನೂ ಹಾಗೇ ನೋಡುತ್ತಿದ್ದ. ಚೆಂಡನ್ನು ನೋಡುತ್ತಿರಲಿಲ್ಲ; ಚೆಂಡು ಕೈಬಿಟ್ಟ ಮೇಲೆ ಹುಡುಗನ ಕಾಲು ಎತ್ತ ಹೋಗುತ್ತದೆ, ಕಣ್ಣು ಎತ್ತ ಹೋಗುತ್ತದೆ, ಅದನ್ನು ನೋಡುತ್ತಿದ್ದ. ಮೆಲ್ಬರ್ನ್‌ನ ಒಂದು ಕ್ಲಬ್ಬಿನವರು ಆಟ ನೋಡಿ ಅವನು ಬರೆದು ಕಳಿಸುವ ಒಂದು ಸಾಲು ಓದಿ ಹುಡುಗರನ್ನು ತೆಗೆದುಕೊಳ್ಳುತ್ತಿದ್ದರು, ಬಿಡುತ್ತಿದ್ದರು.

ಕೋಬಿಯನ್ನು ಹದಿಮೂರರಿಂದ ನೋಡಿಕೊಂಡು ಬಂದಿದ್ದ. ಎಡಕ್ಕೂ ಬಲಕ್ಕೂ ಸಮನಾಗಿ ತಿರುಗುವವನು ಸಾವಿರಕ್ಕೊಬ್ಬ. ಇವನು ಆ ಒಬ್ಬ. ಒಂದೇ ಕೊರತೆ, ಆತುರ. ಚೆಂಡು ಸಿಕ್ಕಿದ್ದೇ ಒದ್ದುಬಿಡುತ್ತಿದ್ದ. ಒಂದು ಉಸಿರು ತಡೆಯೋ ಎಂದು ಐದು ವರ್ಷ ಹೇಳಿ ಹೇಳಿ ಕ್ಲೆಮ್‌ನ ಗಂಟಲು ಒಣಗಿತ್ತು.

ಆ ಶನಿವಾರ ಹುಡುಗ ತಡೆದ. ಚೆಂಡು ಸಿಕ್ಕಿದಾಗಲೆಲ್ಲ ಒಂದು ಗಳಿಗೆ ನಿಂತ, ಆಮೇಲೆ ಬಲಕ್ಕೆ ತಿರುಗಿದ.

"ಬಲಕ್ಕೆ. ಮತ್ತೆ ಬಲಕ್ಕೆ. ಹಾಕಿದ್ಯೇನೇ ಮುದುಕಿ, ಇಲ್ಲಾ ಪೈ ತಿಂತಾ ಕೂತಿದ್ಯಾ?"

"ಹಾಕ್ದೆ. ನಿನ್ನ ಪೈನೂ ನಾನೇ ತಿಂದೆ."

ಕ್ಲೆಮ್ ನಕ್ಕ. ಹುಡುಗ ಮಾಗಿದ ಎಂದು ಸ್ಟಿಯರಿಂಗ್ ತಟ್ಟಿದ. ಗೋಲು ಬಿದ್ದಾಗ ಬೇಲಿಯ ಸುತ್ತ ಗಾಡಿಗಳೆಲ್ಲ ಹಾರ್ನ್ ಒತ್ತಿದವು. ಅವನು ಎಲ್ಲರಿಗಿಂತ ಹೆಚ್ಚು ಹೊತ್ತು ಒತ್ತಿದ.

ಆಟ ಮುಗಿದ ಮೇಲೆ ಕೋಬಿ ಗಾಡಿಯ ಹತ್ತಿರ ಬಂದ. ಕೆಸರು ಮೆತ್ತಿದ ಮುಖ, ಕಣ್ಣು ಸುಸ್ತಾಗಿತ್ತು. ಬೆರಿಲ್ ಕಿಟಕಿಯಿಂದ ಕೇಕಿನ ಡಬ್ಬಿಯನ್ನು ಅವನ ಎಡಗೈಯ ಕಡೆಗೆ ಚಾಚಿದಳು. ಅವನು ತೆಗೆದುಕೊಳ್ಳಲಿಲ್ಲ. ಕ್ಲೆಮ್ ಜೊತೆ ಮಾತಾಡುತ್ತ ನಿಂತ. ಬೇಡವೇನೋ ಎಂದುಕೊಂಡು ಅವಳು ಡಬ್ಬಿಯನ್ನು ಒಳಗೆಳೆಯುವಾಗ ಅದು ಅವನ ಬಲಕ್ಕೆ ಬಂತು.

"ಅಯ್ಯೋ, ಕೇಕ್ ಇದ್ಯಾ? ಹೇಳ್ಬಾರ್ದಾ ಆಂಟಿ," ಎಂದು ಎರಡು ಎತ್ತಿಕೊಂಡ.

ಬೆರಿಲ್‌ಗೆ ಅದು ಏನೋ ಅನ್ನಿಸಿತು. ಏನು ಎಂದು ಗೊತ್ತಾಗಲಿಲ್ಲ. ಡಬ್ಬಿಯ ಮುಚ್ಚಳ ಹಾಕಿದಳು.

ಸಂಜೆ ಕ್ಲೆಮ್ ಅಡುಗೆಮನೆಯ ಮೇಜಿಗೆ ಕೂತು ಅದೇ ನೋಟ್‌ಬುಕ್ಕಿನಲ್ಲಿ ಬರೆದು ಗಟ್ಟಿಯಾಗಿ ಓದಿದ. ಮೊದಲು ಆತುರಪಡುತ್ತಿದ್ದ. ಈಗ ಒಂದು ದಿಕ್ಕು ಆರಿಸಿಕೊಂಡು ತಡೆಯುತ್ತಾನೆ. ಮಾಗಿದ್ದಾನೆ. ತೆಗೆದುಕೊಳ್ಳಿ. ಅಷ್ಟೇ. ಕ್ಲೆಮ್ 'ತೆಗೆದುಕೊಳ್ಳಿ' ಎಂದು ಬರೆದದ್ದು ಅದೇ ಮೊದಲು.

ಭಾನುವಾರ ಬೆಳಿಗ್ಗೆ ಹಿಮ ಬಿದ್ದು ಗಾಡಿಯ ಗಾಜು ಬೆಳ್ಳಗಾಗಿತ್ತು. ಪತ್ರಿಕೆ ತರುತ್ತೇನೆಂದು ಕ್ಲೆಮ್ ಗಾಜಿಗೆ ಸುರಿಯಲು ಉಗುರುಬೆಚ್ಚಗಿನ ನೀರಿನ ಕೆಟಲ್ ಹಿಡಿದು ಹೊರಗೆ ಹೋದ. ಕೆಟಲ್ ಸಿಮೆಂಟಿನ ಮೇಲೆ ಬಿದ್ದ ಸದ್ದು ಬೆರಿಲ್‌ಗೆ ಕೇಳಿತು. ಕೈಜಾರಿತೇ ಎಂದು ಒಳಗಿಂದಲೇ ಕೇಳಿದಳು. ಹೊರಗೆ ಬಂದಾಗ ಕೆಟಲ್ ಇನ್ನೂ ಉರುಳುತ್ತಿತ್ತು. ಕ್ಲೆಮ್ ಅಲುಗುತ್ತಿರಲಿಲ್ಲ. ಗಾಜಿನ ಮೇಲೆ ಅರ್ಧ ಹಿಮ ಕರಗಿತ್ತು, ಅರ್ಧ ಬೆಳ್ಳಗಿತ್ತು.

ಗುರುವಾರ ಮಣ್ಣು ಮಾಡಿದರು. ಕ್ಲಬ್ಬಿನ ಆರು ಆಟಗಾರರು ಪೆಟ್ಟಿಗೆ ಹೊತ್ತರು. ಮುಂದೆ ಎಡಬದಿಗೆ ಕೋಬಿ. ಚರ್ಚಿನ ಬಾಗಿಲು ದಾಟುವಾಗ ಅವನ ಎಡ ಭುಜ ಚೌಕಟ್ಟಿಗೆ ಬಡಿದು ಪೆಟ್ಟಿಗೆ ಓಲಾಡಿತು. ಪಾಪ, ಕಣ್ಣಲ್ಲಿ ನೀರು ತುಂಬಿದೆ ಎಂದು ಹೆಂಗಸರು ಪಿಸುಗುಟ್ಟಿದರು. ಬೆರಿಲ್ ಅವನ ಮುಖ ನೋಡಿದಳು. ಕಣ್ಣಲ್ಲಿ ನೀರಿರಲಿಲ್ಲ. ಬಾಗಿಲು ಎಲ್ಲಿಂದ ಬಂತು ಎನ್ನುವಂತೆ ನೋಡುತ್ತಿದ್ದ.

ಅವಳಿಗೆ ಗಂಡನನ್ನು ಕಳುಹಿಸುವ ಹೊತ್ತಿನಲ್ಲಿ ಕೇಕಿನ ಡಬ್ಬಿ ನೆನಪಾಯಿತು.

ಸೋಮವಾರ ಮೆಲ್ಬರ್ನ್‌ನಿಂದ ಗ್ರೀಲಿ ಫೋನ್ ಮಾಡಿದ. ಕ್ಲೆಮ್ ಯಾರಿಗೆ ಬರೆದು ಕಳಿಸುತ್ತಿದ್ದನೋ ಆ ಮನುಷ್ಯ. ದುಃಖ ಹೇಳಿಕೊಂಡ. ಗುರುವಾರ ಬರುತ್ತೇನೆ, ನೋಟ್‌ಬುಕ್ ನೋಡಬೇಕು, ಕೋಬಿಯ ಬಗ್ಗೆ ಕ್ಲೆಮ್ ಒಂದು ಮಾತು ಬರೆದಿದ್ದರೆ ಬೇರೆಯವರನ್ನು ಕೇಳುವುದೇ ಇಲ್ಲ ಎಂದ. ಬರುವ ಶನಿವಾರ ಸೆಮಿಫೈನಲ್ ಇತ್ತು.

ಬೆರಿಲ್ ಮೇಜಿನ ಮೇಲೆ ನೋಟ್‌ಬುಕ್ ಬಿಚ್ಚಿದಳು. ಕ್ಲೆಮ್‌ನ ಅಕ್ಷರ ಬಿಟ್ಟು ತನ್ನ ಗೀಟುಗಳನ್ನು ಎಣಿಸಿದಳು. ಜುಲೈವರೆಗೆ ಎಡಕ್ಕೆ ಒಂಬತ್ತು, ಬಲಕ್ಕೆ ಹತ್ತು. ಎಡಕ್ಕೆ ಹನ್ನೊಂದು, ಬಲಕ್ಕೆ ಹತ್ತು. ಪ್ರತಿ ಹಾಳೆಯೂ ಹಾಗೇ, ತಕ್ಕಡಿಯ ಹಾಗೆ. ಆಮೇಲೆ ಒಂದು ಸೊನ್ನೆ. ಪಕ್ಕದೂರಿನ ಮೈದಾನದಲ್ಲಿ ಬಿದ್ದದ್ದು. ತಲೆ ನೆಲಕ್ಕೆ ಬಡಿದಿತ್ತು. ಓಡಿ ಬಂದ ಪ್ರಥಮ ಚಿಕಿತ್ಸೆಯವನಿಗೆ ಉಸಿರು ಕಟ್ಟಿತು ಅಷ್ಟೇ ಎಂದು ಹುಡುಗ ನಕ್ಕು ಎದ್ದಿದ್ದ. ತಲೆಗೆ ಪೆಟ್ಟು ಎಂದರೆ ನಿಯಮದಂತೆ ಮೂರು ವಾರ ಆಟದಿಂದ ಹೊರಗೆ. ಆ ಮೂರು ವಾರವೂ ಗ್ರೀಲಿಯ ಜನ ನೋಡಲು ಬರುವವರಿದ್ದರು.

ಸೊನ್ನೆಯ ಮುಂದಿನ ವಾರ ಎಡಕ್ಕೆ ಆರು. ಅದರ ಮುಂದಿನ ವಾರ ಮೂರು. ಆಮೇಲೆ ಒಂದು. ಕೊನೆಯ ಶನಿವಾರ ಬಲಕ್ಕೆ ಹದಿನಾಲ್ಕು. ಎಡಗಡೆ ಹಾಳೆ ಖಾಲಿ.

ಹುಡುಗ ಎಡಗಡೆ ಬೇಡವೆಂದು ಬಿಟ್ಟಿರಲಿಲ್ಲ. ಅವನಿಗೆ ಎಡಗಡೆಯೇ ಇರಲಿಲ್ಲ.

ಅವಳು ನೋಟ್‌ಬುಕ್ಕನ್ನು ಬ್ರೆಡ್ ಡಬ್ಬಿಯೊಳಗೆ ಇಟ್ಟು ಮುಚ್ಚಿದಳು. ಹೇಳಿ ಸುಳ್ಳಾದರೆ ಹುಡುಗನ ಬಾಳು ಹಾಳು. ಹೇಳದೆ ನಿಜವಾದರೆ ಶನಿವಾರ ಇನ್ನೊಂದು ಪೆಟ್ಟು, ಇನ್ನೊಂದು ಪೆಟ್ಟಿಗೆ. ಹೇಗಾದರೂ ಕ್ಲೆಮ್‌ನ ಕೊನೆಯ ಮಾತು ತಪ್ಪಾಗುತ್ತದೆ. ತಪ್ಪು ಎನ್ನುವವಳು ಅವನ ಹೆಂಡತಿ.

ಮಂಗಳವಾರ ಕೋಬಿ ತಾನಾಗಿಯೇ ಬಂದು ಸೌದೆ ಒಡೆಯುತ್ತೇನೆಂದ. ಕೊಡಲಿಯ ಒಂದೊಂದು ಏಟನ್ನೂ ಅವಳು ಕಿಟಕಿಯಿಂದ ನೋಡಿದಳು. ಸಾಕು ಬಾ ಎಂದು ಒಳಗೆ ಕರೆದು ಊಟ ಬಡಿಸಿದಳು. ಬೇಕೆಂದೇ ಕುರಿಮಾಂಸ ತಟ್ಟೆಯ ಬಲಕ್ಕೆ, ಆಲೂಗಡ್ಡೆ ಬಟಾಣಿ ಎಡಕ್ಕೆ ಇಟ್ಟಳು. ಹುಡುಗ ಹಸಿದಿದ್ದ. ಮಾಂಸ ತಿಂದು, ಮೂಳೆ ಚೀಪಿ, ಚೆನ್ನಾಗಿತ್ತು ಎಂದು ಚಾಕು ಇಟ್ಟ.

"ಆಲೂಗಡ್ಡೆ ಯಾಕೆ ಬಿಟ್ಟೆ?"

"ಯಾವ ಆಲೂಗಡ್ಡೆ?"

ಬೆರಿಲ್ ತಟ್ಟೆಯನ್ನು ಅರ್ಧ ಸುತ್ತು ತಿರುಗಿಸಿದಳು.

ಹುಡುಗ ಆಲೂಗಡ್ಡೆ ನೋಡಿದ. ಅವಳನ್ನು ನೋಡಿದ. ಮುಖದ ಬಣ್ಣ ಇಳಿಯಿತು.

"ಎಷ್ಟು ದಿನದಿಂದ?" ಎಂದಳು.

ತಲೆನೋವು ತಿಂಗಳಿಂದ ಇತ್ತು. ಬೆಳಿಗ್ಗೆ ಎದ್ದರೆ ವಾಂತಿ. ಬೂಟಿನ ಎಡ ದಾರ ಕಟ್ಟಲು ಬೆರಳು ಮಾತು ಕೇಳುತ್ತಿರಲಿಲ್ಲ. ಎಲ್ಲ ಹೇಳಿದ, ಮೇಜು ನೋಡಿಕೊಂಡು.

"ಯಾರಿಗೂ ಹೇಳ್ಬೇಡಿ ಆಂಟಿ. ನವೆಂಬರ್‌ವರೆಗೆ ಅಷ್ಟೇ. ಹೆಸರು ಕೂಗಿದ ಮೇಲೆ ನಾನೇ ಡಾಕ್ಟರ ಹತ್ರ ಹೋಗ್ತೀನಿ. ಕ್ಲೆಮ್ ಇದ್ದಿದ್ರೆ ಹೇಳ್ತಿರ್ಲಿಲ್ಲ."

"ಕ್ಲೆಮ್‌ಗೆ ಗೊತ್ತಿರ್ಲಿಲ್ಲ ಕಣೋ."

ಅವನು ಹೋಗುವಾಗ ಗೇಟಿನ ಎಡ ಕಂಬಕ್ಕೆ ತಾಗಿ ಹೋದ. ತಾಗಿದ್ದೂ ಅವನಿಗೆ ತಿಳಿಯಲಿಲ್ಲ.

ಬುಧವಾರ ಬೆರಿಲ್ ಬೇಕರಿಗೆ ಹೋಗಿ ಲಿಯಾನಳನ್ನು ಹಿಂದಿನ ಕೋಣೆಗೆ ಕರೆದು ಹೇಳಿದಳು. ತಟ್ಟೆಯ ವಿಷಯ, ಬಾಗಿಲ ವಿಷಯ, ಗೀಟಿನ ವಿಷಯ. ಲಿಯಾನ್ ಹಿಟ್ಟಿನ ಕೈ ಒರೆಸಿಕೊಳ್ಳುತ್ತಲೇ ಇದ್ದಳು. ನಿದ್ದೆಗೆಟ್ಟಿದ್ದಾನೆ, ಪಂದ್ಯದ ದಿಗಿಲು, ಬಟಾಣಿ ಅವನಿಗೆ ಮೊದಲಿಂದ ಸೇರುವುದಿಲ್ಲ ಎಂದಳು. ಆಮೇಲೆ ದನಿ ತಗ್ಗಿಸಿದಳು.

"ನಿಮ್ಮ ಮನೇಲಿ ಸಾವಾಗಿದೆ ಬೆರಿಲ್. ಅದನ್ನ ತಂದು ನನ್ನ ಮಗನ ತಲೆ ಮೇಲೆ ಹಾಕ್ಬೇಡಿ."

ಬೆರಿಲ್ ಒಂದು ಬ್ರೆಡ್ ಕೊಂಡು ಮನೆಗೆ ಬಂದಳು. ಅದನ್ನು ಡಬ್ಬಿಯಲ್ಲಿಡಲು ಹೋದರೆ ನೋಟ್‌ಬುಕ್ ಅಲ್ಲೇ ಇತ್ತು. ಒಲೆಗೆ ಹಾಕಿಬಿಡಲೇ ಅನ್ನಿಸಿತು. ಒಲೆಯ ಬಾಗಿಲು ತೆಗೆದಳು ಕೂಡ. ಬಿಸಿ ಮುಖಕ್ಕೆ ಹೊಡೆಯಿತು. ತಳದ ಕಾಳು ಎಂದು ಅವನೇ ಹೇಳುತ್ತಿದ್ದ ಮಾತು ನೆನಪಾಗಿ ಬಾಗಿಲು ಹಾಕಿದಳು.

ಗುರುವಾರ ಗ್ರೀಲಿ ಬಂದ. ಉದ್ದ ಮನುಷ್ಯ, ಕುರ್ಚಿಯ ತುದಿಯಲ್ಲಿ ಕೂತ. ಕ್ಲೆಮ್ ಬರೆದ ಕೊನೆಯ ಸಾಲು ಓದಿ ಮುಖ ಅರಳಿಸಿದ. ಬೆರಿಲ್ ಅವನ ಕೈಯಿಂದ ನೋಟ್‌ಬುಕ್ ಇಸಿದುಕೊಂಡು ಹಿಂದಿನ ಹಾಳೆ ತೆಗೆದಳು.

"ಕ್ಲೆಮ್ ತಪ್ಪು ಬರೆದಿದಾನೆ," ಎಂದಳು.

ಆ ಮಾತು ಹೇಳಲು ಅವಳಿಗೆ ಗಂಡನ ಪೆಟ್ಟಿಗೆಯ ಮೇಲೆ ಮಣ್ಣು ಹಾಕುವುದಕ್ಕಿಂತ ಕಷ್ಟವಾಯಿತು. ಬೆರಳಿಟ್ಟು ತೋರಿಸಿದಳು. ಒಂಬತ್ತು, ಹನ್ನೊಂದು, ಸೊನ್ನೆ, ಆರು, ಮೂರು, ಒಂದು, ಖಾಲಿ. ಗ್ರೀಲಿ ಹಾಳೆಗಳನ್ನು ಹಿಂದಕ್ಕೂ ಮುಂದಕ್ಕೂ ತಿರುವಿದ.

"ತಡೀತಿದ್ದಾನೆ ಅಂತ ನಾವೂ ಅಂದ್ಕೊಂಡ್ವಿ," ಎಂದ. "ನಾನು ಫೋನ್ ಮಾಡಿದ್ರೆ ನವೆಂಬರ್‌ನಲ್ಲಿ ಯಾವ ಕ್ಲಬ್ಬೂ ಇವನ ಹೆಸರೆತ್ತಲ್ಲ. ಗೊತ್ತಲ್ವಾ ನಿಮಗೆ?"

"ಗೊತ್ತು. ಶನಿವಾರ ಬಿದ್ರೆ ಹೆಸರೊಂದೇ ಉಳಿಯತ್ತೆ. ಮಾಡಿ ಫೋನು."

ಅವನು ಅಂಗಳಕ್ಕೆ ಹೋಗಿ ತಮ್ಮ ಕ್ಲಬ್ಬಿನ ಡಾಕ್ಟರಿಗೆ ಫೋನ್ ಮಾಡಿದ. ಡಾಕ್ಟರು ಲಿಯಾನಳಿಗೆ ಮಾಡಿದರು. ಬೆರಿಲ್ ಮಾತು ಕೇಳದವಳು ಡಾಕ್ಟರ ಮಾತಿಗೆ ಏಪ್ರನ್ ಬಿಚ್ಚದೆ ಮಗನನ್ನು ಕಾರಿಗೆ ಹತ್ತಿಸಿ ಆಸ್ಪತ್ರೆಗೆ ಒಯ್ದಳು. ಸ್ಕ್ಯಾನ್ ಮಾಡಿದರೆ, ತಲೆಬುರುಡೆಯ ಒಳಗೆ ಬಲಗಡೆ, ತಿಂಗಳಿಂದ ತೊಟ್ಟುತೊಟ್ಟಾಗಿ ರಕ್ತ ಸೋರಿ ಬೆರಳುದಪ್ಪ ನಿಂತಿತ್ತು. ಅದು ಒತ್ತಿ ಒತ್ತಿ ಎಡಗಡೆಯನ್ನು ಅಳಿಸಿತ್ತು. ವಿಮಾನದಲ್ಲಿ ಮೆಲ್ಬರ್ನ್‌ಗೆ ಒಯ್ದು ತಲೆ ತೆರೆದರು. ಇನ್ನೊಂದು ಪೆಟ್ಟು ತಡೆಯುತ್ತಿರಲಿಲ್ಲ ಎಂದರಂತೆ. ಬದುಕಿದ. ಇನ್ನು ಜನ್ಮದಲ್ಲಿ ಆಡಬಾರದು ಎಂದರಂತೆ.

ಶನಿವಾರ ವಾರ್ಕೂನ್ ಸೋತಿತು. ಬೆರಿಲ್ ಮೈದಾನಕ್ಕೆ ಹೋದಾಗ ನೀಲಗಿರಿ ಮರದ ಪಕ್ಕ ಬೇರೆ ಯಾರದೋ ಗಾಡಿ ನಿಂತಿತ್ತು. ಅಂಗಡಿಯಲ್ಲಿ ಮಾತು ನಿಲ್ಲುತ್ತಿತ್ತು, ಅವಳು ಹೊರಗೆ ಬಂದ ಮೇಲೆ ಶುರುವಾಗುತ್ತಿತ್ತು. ನವೆಂಬರ್‌ನಲ್ಲಿ ಹೆಸರುಗಳನ್ನು ಕೂಗಿದ ಸಂಜೆ ಅವಳು ಟಿವಿ ಹಾಕಲಿಲ್ಲ. ಹುಡುಗ ಏನಾದರೂ ಮಾಡಿಕೊಂಡಾನು ಎಂಬ ಹೆದರಿಕೆ ಬೇರೆ ಹತ್ತಿತ್ತು. ಬೇಕರಿಯ ಹಿಂದೆ ಹಾದುಹೋಗುವ ನೆಪ ಮಾಡಿ ಅವನ ಕಿಟಕಿಯ ಪರದೆ ಸರಿದಿದೆಯೇ ಎಂದು ದಿನಾ ನೋಡಿ ಬರುತ್ತಿದ್ದಳು.

ಮುಂದಿನ ಚಳಿಗಾಲದ ಒಂದು ಬೆಳಿಗ್ಗೆ ಅವನೇ ಗೇಟಿಗೆ ಬಂದ. ಕೂದಲು ಬೆಳೆದು ಗಾಯದ ಗುರುತು ಮುಚ್ಚಿತ್ತು. ಸೈಲೋದಲ್ಲಿ ಕೆಲಸ ಸಿಕ್ಕಿತ್ತು, ಕಾಳು ನೋಡುವುದು. ಎಡಗಡೆಯ ಅಂಚಿನ ನೋಟ ಇನ್ನೂ ಪೂರ್ತಿ ಬಂದಿರಲಿಲ್ಲ. ಗಾಡಿ ಓಡಿಸಲು ಲೈಸೆನ್ಸ್ ಕೊಟ್ಟಿರಲಿಲ್ಲ.

"ಸೈಲೋ ಕಡೆ ಹೋಗ್ತೀರಾ ಆಂಟಿ?"

ಅವಳಿಗೆ ಆ ಕಡೆ ಯಾವ ಕೆಲಸವೂ ಇರಲಿಲ್ಲ.

"ಹೋಗ್ತೀನಿ. ಕೂತ್ಕೋ," ಎಂದಳು.

ಅಂದಿನಿಂದ ಬೆಳಗಾದರೆ ಬೆರಿಲ್ ಕೆಟಲ್ಲಿನಲ್ಲಿ ನೀರು ಉಗುರುಬೆಚ್ಚಗೆ ಮಾಡಿ ಹೊರಗೆ ಒಯ್ಯುತ್ತಾಳೆ. ಅದೇ ಕೆಟಲ್, ಹೊಟ್ಟೆ ನೆಗ್ಗಿದ್ದು. ಮುಂದಿನ ಗಾಜಿಗೆ ಸುರಿದು, ಆಮೇಲೆ ಎಡಗಡೆ ಕಿಟಕಿಗೆ ಬರುತ್ತಾಳೆ. ಅದನ್ನು ಮೂಲೆಯವರೆಗೂ ಬಟ್ಟೆಯಿಂದ ಒರೆಸುತ್ತಾಳೆ. ನನಗೆ ಆ ಮೂಲೆ ಕಾಣಲ್ಲ ಬಿಡಿ ಎಂದು ಕೋಬಿ ಹೇಳಿ ನೋಡಿದ. ಅವಳು ಒರೆಸುತ್ತಾಳೆ. ಒರೆಸುತ್ತ, ರಸ್ತೆಯಲ್ಲಿ ಅವನ ಹೆಜ್ಜೆ ಕೇಳುತ್ತದೆಯೇ ಎಂದು ಕಿವಿಗೊಡುತ್ತಾಳೆ.