ಚನ್ನಗಿರಿಯ ಬಾಡಿಗೆ ಮನೆಯಲ್ಲಿ ಒಂದು ವಿಸ್ಕಿಯ ವಾಸನೆ

ಚನ್ನಗಿರಿಗೆ ಬಂದ ಹದಿನಾರನೆಯ ದಿನ ಸಂಜೆ, ತೀರಿಹೋದವರೊಬ್ಬರು ಬಂದಿದ್ದಾರೆಂದುಕೊಂಡು ನನ್ನನ್ನು ಊಟಕ್ಕೆ ಕರೆದರು.

ಏಳು ಗಂಟೆ ಆಗಿರಬೇಕು. ಮಹಡಿಯ ಕೋಣೆಯಲ್ಲಿ ಒಂದು ಕ್ವಾರ್ಟರ್ ವಿಸ್ಕಿಯ ಮುಚ್ಚಳ ತಿರುಗಿಸಿ, ಸ್ಟೀಲ್ ಲೋಟಕ್ಕೆ ಎರಡು ಬೆರಳಷ್ಟು ಸುರಿದುಕೊಂಡು, ಮೂಗಿನ ಹತ್ತಿರ ಹಿಡಿದಿದ್ದೆ. ಮೆಟ್ಟಿಲ ಕೆಳಗಿನಿಂದ ಮನೆಯೊಡತಿಯ ದನಿ ಬಂತು.

"ಊಟಕ್ಕೆ ಬರ್ರಿ. ಬಾಗ್ಲು ತೆಗ್ದೈತೆ."

ನನಗೆ ಊಟ ಕೊಡುವ ಮಾತು ಬಾಡಿಗೆಯಲ್ಲಿ ಇರಲಿಲ್ಲ. ಗಾಬರಿಯಿಂದ ಲೋಟ ಮಂಚದ ಕೆಳಗೆ ಸರಿಸಿ ಇಳಿದು ಹೋದೆ. ಅರ್ಧ ದಾರಿಯಲ್ಲೇ ಅವರು ನನ್ನ ಮುಖ ನೋಡಿ ಒಂದು ಮೆಟ್ಟಿಲು ಹಿಂದೆ ಸರಿದರು. ನೋಡುತ್ತಾ ನಿಂತರು. ಆಮೇಲೆ, ಬೇರೆ ಯಾರೋ ಅಂದುಕೊಂಡೆ ಎಂದಷ್ಟೇ ಹೇಳಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಬಾಗಿಲ ಆಚೆ ಅವರು ನಿಂತೇ ಇದ್ದಾರೆ ಎಂಬುದು ನನಗೆ ಗೊತ್ತಾಗುತ್ತಿತ್ತು.

ನಾನು ಕಾರವಾರದವನು. ಹಳ್ಳಿಯ ಹಾಲಿನ ಡೈರಿಗಳಲ್ಲಿ ಹಾಲು ತಂಪಾಗಿಡುವ ದೊಡ್ಡ ಟ್ಯಾಂಕುಗಳಿರುತ್ತವಲ್ಲ, ಅವು ಕೆಟ್ಟರೆ ಸರಿಮಾಡುವುದು ನನ್ನ ಕೆಲಸ. ಕಂಪನಿ ನನಗೆ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಈ ನಾಲ್ಕು ತಾಲ್ಲೂಕುಗಳನ್ನು ವಹಿಸಿತು. ಹೆಂಡತಿ ಕಾರವಾರದಲ್ಲಿಯೇ ಶಾಲೆಯಲ್ಲಿ ಟೀಚರ್ ಆಗಿರುವುದರಿಂದ ಒಬ್ಬನೇ ಬಂದೆ.

ಮನೆ ಹುಡುಕುವಾಗ ಎಲ್ಲ ಕಡೆ ಮೊದಲ ಪ್ರಶ್ನೆ ಒಂದೇ: "ತಿನ್ನಾದು ಕುಡಿಯಾದು ಏನಾರ ಐತೇನ್ರಿ?" ಮೂರು ಕಡೆ ನಿಜ ಹೇಳಿದೆ, ಮೂರು ಕಡೆಯೂ ಮನೆ ಸಿಗಲಿಲ್ಲ. ನಾಲ್ಕನೆಯದು ಸರ್ವಮಂಗಳಮ್ಮನವರ ಮನೆ. ಬೀದಿಯವರೆಲ್ಲ ಮಂಗಳಕ್ಕ ಅನ್ನುತ್ತಾರೆ. ಐವತ್ತು ದಾಟಿದ ಒಂಟಿ ಹೆಂಗಸು, ಹಣೆಯಲ್ಲಿ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ. ಅಲ್ಲಿ ನಾನು ಏನೂ ಇಲ್ಲ ಎಂದುಬಿಟ್ಟೆ.

ಸುಳ್ಳು ಹೇಳಿದ್ದಕ್ಕೆ ನಾಚಿಕೆಯಾಗಿತ್ತು. ಆದರೆ ಕಾರವಾರದಲ್ಲಿ ಇದು ಮುಚ್ಚಿಡುವ ವಿಷಯವೇ ಅಲ್ಲ. ಭಾನುವಾರ ಭಾವ ಎರಡು ಬೇರೆ ಬೇರೆ ಅಗ್ಗದ ವಿಸ್ಕಿ ತರುತ್ತಾರೆ, ಹೆಸರು ಹೇಳದೆ ಎರಡು ಲೋಟಕ್ಕೆ ಹಾಕಿ, ಯಾವುದು ಯಾವುದು ಹೇಳು ಅನ್ನುತ್ತಾರೆ. ಅಕ್ಕ ಬಂಗಡೆ ಹುರಿಯುತ್ತಾ ಅಡುಗೆಮನೆಯಿಂದಲೇ ಸೋತವರನ್ನು ನೋಡಿ ನಗುತ್ತಾಳೆ. ಅಲ್ಲಿ ಮೇಜಿನ ಮೇಲಿನ ಲೋಟ ಮಜ್ಜಿಗೆಯಷ್ಟೇ ಸಾಮಾನ್ಯ. ಅದೇ ಆಟವನ್ನು ಇಲ್ಲಿ ನಾನು ಚಿಲಕ ಹಾಕಿಕೊಂಡು, ಬಂಗಡೆಯ ಬದಲು ಖಾರಾ ಮಂಡಕ್ಕಿ ಇಟ್ಟುಕೊಂಡು, ಒಬ್ಬನೇ ಆಡುತ್ತಿದ್ದೆ. ಹಾಲು ಹಳಸುವ ಮುಂಚೆಯೇ ಟ್ಯಾಂಕಿನ ಮುಚ್ಚಳ ಎತ್ತಿ ವಾಸನೆಯಿಂದ ಹೇಳಬಲ್ಲ ಮೂಗು ನನ್ನದು. ವಿಸ್ಕಿಯಲ್ಲೂ ಅದೇ ಮೂಗು ಕೆಲಸ ಮಾಡುತ್ತಿತ್ತು. ನೀರು ಬದಲಾದರೆ ರುಚಿ ಬದಲಾಗುವುದನ್ನು ಕಲಿತದ್ದೂ ಇಲ್ಲಿಯೇ. ಜಗಳೂರಿನ ಬೋರ್‌ವೆಲ್ ನೀರು ಬೆರೆಸಿದರೆ ನಾಲಿಗೆಯ ತುದಿಯಲ್ಲಿ ಉಪ್ಪು ನಿಲ್ಲುತ್ತದೆ. ನ್ಯಾಮತಿಯಿಂದ ತುಂಬಿಸಿಕೊಂಡು ಬಂದ ನೀರಿನಲ್ಲಿ ಅದೇ ವಿಸ್ಕಿ ಸಾಧುವಾಗುತ್ತದೆ.

ಮರುದಿನ ಬೆಳಿಗ್ಗೆ ಮನೆ ಖಾಲಿ ಮಾಡಿ ಅನ್ನುತ್ತಾರೆಂದು ಕಾದೆ. ಮಂಗಳಕ್ಕ ಬಾಗಿಲಲ್ಲಿ ನೀರು ಹಾಕುತ್ತಿದ್ದವರು ತಲೆ ಎತ್ತದೆ ಕೇಳಿದರು.

"ನಿನ್ನೆ ಕುಡಿದ್ರಲ್ಲ, ಅದು ಯಾವುದು?"

ಹೆಸರು ಹೇಳಿದೆ. ಅವರಿಗೆ ಅದರಿಂದ ಏನೂ ತಿಳಿಯಲಿಲ್ಲ. ಚೊಂಬು ಕೆಳಗಿಟ್ಟು, ನಿಧಾನವಾಗಿ, ಮಾತಿಗೆ ಮಾತು ಹುಡುಕುತ್ತಾ ಹೇಳಿದರು. ಅವರ ಗಂಡ ಹೊನ್ನಾಳಿ, ನ್ಯಾಮತಿ ಕಡೆ ಓಡುವ ಖಾಸಗಿ ಬಸ್ಸಿನ ಡ್ರೈವರ್ ಆಗಿದ್ದರಂತೆ. ಬಸ್ಸು ನಿಲ್ಲಿಸಿದ ಮೇಲೆ ಒಂದಿಷ್ಟು ವಿಸ್ಕಿ ಕುಡಿಯುತ್ತಿದ್ದರಂತೆ, ಕದ್ದು. ಹನ್ನೊಂದು ವರ್ಷದ ಹಿಂದೆ ಭದ್ರಾ ನಾಲೆಗೆ ಬಿದ್ದು ತೀರಿಹೋದರು. ಮೈಮೇಲೆ ಅಂಗಿ ಇರಲಿಲ್ಲ. ಅಂಗಿ ದಂಡೆಯ ಕಲ್ಲಿನ ಮೇಲೆ ಒಗೆದು ಹರಡಿತ್ತು.

"ಒಗೆದ ಅಂಗಿ ತಂದು ನನ್ನ ಕೈಯಾಗೆ ಕೊಟ್ರು. ಅದ್ರಾಗೆ ಅವ್ರದು ಏನೂ ಉಳಿದಿರಲಿಲ್ಲ. ನಿನ್ನೆ ಸಂಜೆ ಆ ವಾಸನೆ ಮೆಟ್ಲು ಇಳ್ಕಂಡು ಬಂತು ನೋಡ್ರಿ, ಅವ್ರೇ ಬಂದ್ರು ಅಂದ್ಕಂಡೆ. ಆದ್ರೆ ಪೂರ್ತಿ ಅದಲ್ಲ. ಅದು ಯಾವುದು ಅಂತ ಹುಡುಕಾಕೆ ಆಗ್ತದೇನ್ರಿ?"

ಹುಡುಕ್ತೀನಿ ಎಂದೆ.

ಚನ್ನಗಿರಿಯ ಅಂಗಡಿಯಲ್ಲಿ ಕೊಳ್ಳುವಂತಿರಲಿಲ್ಲ. ಮಂಗಳಕ್ಕನ ಮನೆಯ ಬಾಡಿಗೆಯವನು ಎಂದು ಅಷ್ಟರಲ್ಲಿ ಎಲ್ಲರಿಗೂ ಗೊತ್ತಾಗಿತ್ತು. ಕೆಲಸಕ್ಕೆ ಹೋದ ಊರಿನಲ್ಲಿ ಒಂದೊಂದು ತಂದೆ. ಸಂಜೆ ಲೋಟಕ್ಕೆ ಸುರಿದು, ಮೆಟ್ಟಿಲಿನ ನಡುವೆ ಇಟ್ಟು, ನಾನು ಮೇಲೆ ಹೋಗಿ ನಿಲ್ಲುತ್ತಿದ್ದೆ. ಅವರು ಕೆಳಗಿನಿಂದ ಬಂದು, ಸೆರಗು ಬಿಗಿಹಿಡಿದು, ಬಗ್ಗಿ ಮೂಸುತ್ತಿದ್ದರು. ಲೋಟ ಮುಟ್ಟುತ್ತಿರಲಿಲ್ಲ. ಅವರು ಇಳಿದು ಹೋದ ಮೇಲೆ ನಾನು ಅದನ್ನು ಎತ್ತಿಕೊಂಡು ಬಂದು ರುಚಿ ನೋಡುತ್ತಿದ್ದೆ.

ಹೊನ್ನಾಳಿಯಿಂದ ತಂದದ್ದು ಸುಟ್ಟ ಬೆಲ್ಲದಂತಿತ್ತು, ಗಂಟಲಿಗೆ ಇಳಿಯುವಾಗ ಅಂಟು. ಅವರು ಒಂದೇ ಸಲಕ್ಕೆ ತಲೆಯಾಡಿಸಿದರು. ಇದು ಆಲೆಮನೆ ವಾಸನೆ, ಇದಲ್ಲ. ನ್ಯಾಮತಿಯದು ಬಾಯಲ್ಲಿ ತೆಳ್ಳಗೆ, ಆದರೆ ಮೂಗಿಗೆ ವಾರ್ನಿಷ್ ಹೊಡೆದ ಹಾಗೆ. ಹೊಸ ಮರದ ಬೀರು ಇದ್ದಂಗೈತೆ ಎಂದರು. ಮೂರನೆಯದನ್ನು ಜಗಳೂರಿನಿಂದ ತಂದೆ. ಅದರಲ್ಲಿ ನೆನೆದ ತೊಗಟೆಯಂಥ ಒಂದು ವಾಸನೆ, ಹಿಂದೆ ಎಲ್ಲೋ ಸ್ವಲ್ಪ ಹೊಗೆ. ಅಗ್ಗದವುಗಳಲ್ಲಿ ಇಂಥದು ಸಿಗುವುದು ಅಪರೂಪ. ಮಂಗಳಕ್ಕ ಬಗ್ಗಿದವರು ಬಹಳ ಹೊತ್ತು ಏಳಲಿಲ್ಲ.

"ಹತ್ರ ಐತೆ," ಎಂದರು. "ಆದ್ರೆ ಅವ್ರಿಲ್ಲ ಇದ್ರಾಗೆ."

ಅಂದಿನಿಂದ ನನಗೂ ಆ ಹುಡುಕಾಟ ಅಂಟಿಕೊಂಡಿತು. ತ್ಯಾವಣಿಗೆಯ ಡೈರಿಗೆ ಹೋಗುವಾಗ ನಾಲೆ ದಾಟಬೇಕು. ಸೇತುವೆಯ ಮೇಲೆ ಬೈಕು ತಾನಾಗಿ ನಿಧಾನವಾಗುತ್ತಿತ್ತು, ದಂಡೆಯ ಪ್ರತಿ ಕಲ್ಲನ್ನೂ ನೋಡುತ್ತಿದ್ದೆ. ಕೋಣೆಯಲ್ಲಿ ಲೋಟ ಎತ್ತಿದರೆ ಎದುರಿನ ಗೋಡೆಗೆ ಒರಗಿ ಯಾರೋ ಕೂತು, ನಾನು ಸರಿಯಾದ ಉತ್ತರ ಹೇಳುವುದನ್ನೇ ಕಾಯುತ್ತಿದ್ದಾರೆ ಅನ್ನಿಸುತ್ತಿತ್ತು. ಅವರ ಮುಖ ನಾನು ಕಂಡಿರಲಿಲ್ಲ. ಹಾಗಾಗಿ ಆ ಗೋಡೆಯ ಕಡೆ ನೋಡುವುದನ್ನೇ ಬಿಟ್ಟೆ. ಫೋನಿನಲ್ಲಿ ಹೆಂಡತಿ, ನಿಮ್ಮ ದನಿ ಯಾಕೆ ಹೀಗಾಗಿದೆ ಎಂದು ಕೇಳಿದಳು. ಕಾರವಾರದಲ್ಲಿ ಸಮುದ್ರದ ಸದ್ದು ಇಡೀ ದಿನ ಜೊತೆಗಿರುತ್ತದೆ, ಇಲ್ಲಿ ಸಂಜೆಯಾದರೆ ಸದ್ದೇ ಇಲ್ಲ ಎಂದು ಹೇಳಿ ಜಾರಿಕೊಂಡೆ.

ನಾಲ್ಕನೆಯ ಭಾನುವಾರ ಸಿಕ್ಕಿಬಿದ್ದೆವು.

ಪಕ್ಕದ ಮನೆಯಲ್ಲಿ ಮಂಗಳಕ್ಕನ ಮೈದುನ ಶಿವಮೂರ್ತಿ ಇದ್ದಾರೆ. ಬಸ್ ನಿಲ್ದಾಣದ ಹತ್ತಿರ ಪೈಪು, ವಾಲ್ವು ಮಾರುವ ಅಂಗಡಿ. ಬಾಡಿಗೆಗೆ ಬಂದ ದಿನ ನನ್ನ ಹೆಸರು, ಊರು, ಕೆಲಸ ಎಲ್ಲ ವಿಚಾರಿಸಿದ್ದವರು ಅವರೇ. ಆದರೆ ಅತ್ತಿಗೆಯ ಮನೆಯ ಹೊಸ್ತಿಲು ದಾಟಿದ್ದನ್ನು ನಾನು ಕಂಡಿರಲಿಲ್ಲ. ಏನಾದರೂ ಹೇಳಬೇಕಿದ್ದರೆ ಅಂಗಳದಲ್ಲೇ ನಿಂತು ಹೇಳಿ ಹೋಗುತ್ತಿದ್ದರು. ಅಂದು ಅಂಗಳಕ್ಕೆ ಬಂದಾಗ ಮೆಟ್ಟಿಲ ನಡುವೆ ಲೋಟ ಇತ್ತು, ಮೇಲೆ ನಾನು, ಕೆಳಗೆ ಮಂಗಳಕ್ಕ.

ಶಿವಮೂರ್ತಿಯವರು ಕೂಗಾಡಲಿಲ್ಲ. ಒಂಟಿ ಹೆಂಗಸಿನ ಮನೆ, ಬೀದಿಯಲ್ಲಿ ಆಗಲೇ ಮಾತು ಶುರುವಾಗಿದೆ, ನಾಳೆಯೇ ಸಾಮಾನು ಕಟ್ಟಿ ಎಂದು ನನಗೆ ಹೇಳಿದರು. ನಾನು ತಪ್ಪಾಯಿತು ಎಂದೆ. ಮೇಲೆ ಹೋಗಿ ನಿಜಕ್ಕೂ ಹಾಸಿಗೆ ಸುತ್ತತೊಡಗಿದೆ. ಆಗ ಕೆಳಗಿನಿಂದ ಮಂಗಳಕ್ಕನ ದನಿ ಕೇಳಿತು. ಅದು ನನಗೂ ಕೇಳಲಿ ಎಂದೇ ಆಡಿದಂತಿತ್ತು.

"ಅವ್ರದೇನೂ ತಪ್ಪಿಲ್ಲ ಶಿವಮೂರ್ತಿ. ನಿಮ್ಮಣ್ಣನ ವಾಸನೆ ಹುಡುಕಾಕೆ ತರ್ಸಿದ್ದು ನಾನು. ನಿಮ್ಮಣ್ಣ ಆವತ್ತು ಮನೆಗೆ ಬಂದೇ ಇರಲಿಲ್ಲ ಅಂತ ಎಲ್ರಿಗೂ ಹೇಳಿದ್ನಲ್ಲ, ಸುಳ್ಳು. ಬಂದಿದ್ರು. ಬಾಗ್ಲಾಗೇ ನಿಲ್ಲಿಸ್ದೆ. ಈ ವಾಸನೆ ತೊಳ್ಕಂಡು ಬರ್ರಿ, ಇಲ್ದಿದ್ರೆ ಬರಬ್ಯಾಡ್ರಿ ಅಂದೆ. ಅದಕ್ಕೇ ನಾಲೆಗೆ ಹೋದ್ರು."

ನಾನು ಹಾಸಿಗೆಯ ಹಗ್ಗ ಹಿಡಿದುಕೊಂಡೇ ಮೆಟ್ಟಿಲ ತುದಿಗೆ ಬಂದೆ. ಆಗ ಊರಿನವರು ಕುಡುಕ ಕಾಲು ಜಾರಿ ಬಿದ್ದ ಎಂದಿದ್ದರು, ಮಂಗಳಕ್ಕ ಹನ್ನೊಂದು ವರ್ಷ ಅದನ್ನು ಕೇಳಿಸಿಕೊಂಡು ಸುಮ್ಮನಿದ್ದರು. ಶಿವಮೂರ್ತಿಯವರು ಅಂಗಳದ ಕಟ್ಟೆಯ ಮೇಲೆ ಕೂತರು. ಸಿಟ್ಟಿನಲ್ಲಿ ಏನು ಅನ್ನುತ್ತಾರೋ ಎಂದು ನಾನು ಕಾದೆ. ಅವರು ತಮ್ಮ ಅಂಗೈ ನೋಡಿಕೊಳ್ಳುತ್ತಿದ್ದರು.

"ಗೊತ್ತೈತೆ ಅತ್ತಿಗೆ," ಎಂದರು. "ನಿಮ್ಮನೆಯಿಂದ ಸೀದಾ ನಮ್ಮನೆಗೆ ಬಂದಿದ್ದ. ಸೋಪು ಕೇಳ್ದ. ಬಚ್ಚಲಾಗೆ ತೊಳ್ಕ ಅನ್ನಬೋದಿತ್ತು. ಹಬ್ಬಕ್ಕೆ ನೆಂಟ್ರು ಬಂದಿದ್ರು, ಅವ್ರ ಮುಂದೆ ಈ ವಾಸನೆ ಬ್ಯಾಡ ಅಂತ ಸೋಪು ಕೈಗೆ ಕೊಟ್ಟು ನಾಲೆ ಕಡೆ ಕಳ್ಸಿದೋನು ನಾನೇ."

ಮಂಗಳಕ್ಕ ಗೋಡೆ ಹಿಡಿದುಕೊಂಡರು. ಅಳಲಿಲ್ಲ. ಒಂದೇ ಗೋಡೆಯ ಎರಡು ಬದಿಗೆ ಇಷ್ಟು ವರ್ಷ ಮಲಗಿದವರು, ಪ್ರತಿಯೊಬ್ಬರೂ ತಪ್ಪು ತಮ್ಮೊಬ್ಬರದೇ ಎಂದುಕೊಂಡಿದ್ದವರು. ನಾನು ಅಲ್ಲಿ ಇರಬಾರದಿತ್ತು, ಆದರೆ ಅವರನ್ನು ದಾಟಿ ಹೊರಗೆ ಹೋಗಲು ದಾರಿಯಿರಲಿಲ್ಲ.

ಶಿವಮೂರ್ತಿಯವರು, ಹುಡುಕಿದ್ದು ಸಿಕ್ಕಿತೇ ಎಂದು ಕೇಳಿದರು. ಜಗಳೂರಿನದು ಹತ್ತಿರ ಬಂದಿತ್ತು ಎಂದೆ. ಅವರು ತಲೆಯಾಡಿಸಿದರು. ಅಣ್ಣನ ಜೊತೆ ಒಂದೆರಡು ಸಲ ಕೂತಿದ್ದರಂತೆ. ಅಣ್ಣ ಕುಡಿಯುತ್ತಿದ್ದ ಬ್ರ್ಯಾಂಡು ಬರುವುದು ನಿಂತು ಬಹಳ ಕಾಲವಾಗಿತ್ತು. "ಮತ್ತೆ ಅವನು ಬಾಯಾಗೆ ಏಲಕ್ಕಿ ಹಾಕ್ಕಂತಿದ್ದ. ನಿಮಗೆ ಗೊತ್ತಾಗಬಾರ್ದು ಅಂತ ಅತ್ತಿಗೆ."

ಮಂಗಳಕ್ಕ ಒಳಗೆ ಹೋಗಿ ನಾಲ್ಕು ಏಲಕ್ಕಿ ತಂದು ಕಟ್ಟೆಯ ಮೇಲಿಟ್ಟರು. ನಾನು ಜಗಳೂರಿನ ಬಾಟಲಿ ತಂದು ಲೋಟಕ್ಕೆ ಹಾಕಿದೆ. ಶಿವಮೂರ್ತಿಯವರು ಏಲಕ್ಕಿ ಅಗಿದು, ಒಂದು ಗುಟುಕು ಬಾಯಲ್ಲಿ ನಿಲ್ಲಿಸಿಕೊಂಡು ನುಂಗಿ, ಹೊಸ್ತಿಲ ಹೊರಗೆ, ಒಂದು ಮಾರು ದೂರದಲ್ಲಿ ತಲೆ ತಗ್ಗಿಸಿ ನಿಂತರು. ಮಂಗಳಕ್ಕ ಒಳಗೆ ನಿಂತಿದ್ದರು. ಶಿವಮೂರ್ತಿಯವರು ಉಸಿರು ಬಿಟ್ಟರು. ಗಾಳಿ ಒಳಮುಖವಾಗಿತ್ತು.

ಮಂಗಳಕ್ಕನ ಮುಖ ಹೇಗಾಯಿತು ಎಂದು ಬರೆಯಲು ನನಗೆ ಬರುವುದಿಲ್ಲ. ಸೆರಗಿನಿಂದ ಬಾಯಿ ಮುಚ್ಚಿಕೊಂಡರು, ಮೂಗು ಮುಚ್ಚಿಕೊಳ್ಳಲಿಲ್ಲ. ಆಮೇಲೆ ಹೊಸ್ತಿಲಿಂದ ಪಕ್ಕಕ್ಕೆ ಸರಿದು ದಾರಿ ಬಿಟ್ಟರು.

"ಹಂಗೇ ಒಳಗೆ ಬಾ ಶಿವಮೂರ್ತಿ," ಎಂದರು. "ಉಂಡು ಹೋಗು."

ಅವರು ಬಾಯಿ ಮುಕ್ಕಳಿಸದೆ ಒಳಗೆ ಹೋದರು. ಮಂಗಳಕ್ಕ ನನ್ನನ್ನೂ ಕರೆದರು. ರೊಟ್ಟಿ, ಅಲ್ಲಿನವರು ಮುಳಗಾಯಿ ಅನ್ನುವ ಬದನೆಕಾಯಿಯ ಪಲ್ಯ, ಅನ್ನ, ಸಾರು. ಮೂವರೂ ಉಂಡೆವು. ಹಾಸಿಗೆ ಬಿಚ್ಚಿ ಹಾಸಿಕೊಳ್ಳಿ ಎಂದು ಶಿವಮೂರ್ತಿಯವರು ಹೋಗುವಾಗ ಹೇಳಿದರು.

ಇದಾಗಿ ಎಂಟು ತಿಂಗಳು. ಆ ಮನೆಯಲ್ಲಿ ಮತ್ತೆ ನಾನು ಬಾಟಲಿ ತೆರೆದಿಲ್ಲ; ಯಾರೂ ಬೇಡ ಅನ್ನಲಿಲ್ಲ, ನನಗೇ ಆಗುವುದಿಲ್ಲ. ಏಲಕ್ಕಿ ಹಾಕಿದ ಚಹಾ ಕೂಡ ಕೆಲವು ಸಂಜೆ ಬೇಡವಾಗುತ್ತದೆ. ಗೋಡೆಗೆ ಒರಗಿ ಕೂತವರು ಎದ್ದು ಹೋದರು ಎಂದು ಹೇಳಿದರೆ ಅದೂ ಸುಳ್ಳಾಗುತ್ತದೆ. ಈಗ ಆ ಕಡೆ ನೋಡಬಲ್ಲೆ, ಅಷ್ಟೆ.

ಕಳೆದ ವಾರ ರಜೆಗೆ ಕಾರವಾರಕ್ಕೆ ಬಂದೆ. ಇದನ್ನು ಬರೆಯುತ್ತಿರುವುದು ಇಲ್ಲಿಂದಲೇ. ನನ್ನ ಅಪ್ಪ ತೀರಿ ಆರು ವರ್ಷವಾಯಿತು. ಇಂದು ಬೆಳಿಗ್ಗೆ, ಯಾಕೆಂದು ನನಗೇ ತಿಳಿಯದೆ, ಅವರ ಟ್ರಂಕು ತೆಗೆದು ಒಂದು ಅಂಗಿಯನ್ನು ಮುಖಕ್ಕೆ ಹಿಡಿದೆ. ನುಸಿಗುಳಿಗೆಯ ವಾಸನೆ ಬಿಟ್ಟರೆ ಏನಿಲ್ಲ. ಎಷ್ಟು ನೆನೆದರೂ ಅಪ್ಪನ ಮೈಯ ವಾಸನೆ ಹೇಗಿತ್ತು ಎಂದು ಹೊಳೆಯಲಿಲ್ಲ. ಅವರ ಪಕ್ಕದಲ್ಲೇ ಕೂತು ಇಪ್ಪತ್ತು ವರ್ಷ ಉಂಡವನು ನಾನು. ಎಂದೂ ಕಾಣದ ಒಬ್ಬ ಬಸ್ ಡ್ರೈವರ್ ಕತ್ತಲಲ್ಲಿ ಬಂದು ನಿಂತರೂ ಗುರುತು ಹಿಡಿಯಬಲ್ಲೆ.

ಅಂಗಿ ಕೈಯಲ್ಲಿದ್ದಾಗಲೇ ಫೋನು ಬಂತು. ಮಂಗಳಕ್ಕ. ಮಹಡಿಯ ನಲ್ಲಿ ಸೋರುತ್ತಿತ್ತು, ಶಿವಮೂರ್ತಿ ವಾಷರ್ ಹಾಕಿದ್ದಾನೆ ಎಂದು ಹೇಳಿ, ಊರಿಗೆ ಯಾವಾಗ ಬರ್ತೀರಿ ಎಂದು ಕೇಳಿದರು.

"ಸೋಮವಾರ ಬರ್ತೀನ್ರಿ," ಎಂದೆ.

ಅಮ್ಮ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದಳು. ನನ್ನ ಕೈಯಿಂದ ಅಂಗಿ ತೆಗೆದುಕೊಂಡು, ಮಡಿಕೆ ಕೆಡದಂತೆ ಮಡಚಿ, ಟ್ರಂಕಿನಲ್ಲಿ ಇಟ್ಟು ಮುಚ್ಚಿದಳು.